ಚೀನಾದಲ್ಲಿ ಪರೀಕ್ಷೆ ಎರಡು ಸಲ ರದ್ದಾಯಿತು

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಚೀನಾದ ಕ್ರಾಂತಿಯ ಪಾಠ ಬಂದಾಗ ಮಕ್ಕಳು ಅಲ್ಲಿನ ಶಾಲೆಗಳ ಬಗ್ಗೆ ಕೇಳುತ್ತಾರೆ. ಸಾವಿರ ವರ್ಷಕ್ಕೂ ಹಳೆಯ ಪರೀಕ್ಷೆಯನ್ನು ಮಾವೋ ರದ್ದು ಮಾಡಿದರು, ಡೆಂಗ್ ವಾಪಸ್ ತಂದರು, ಈಗಿನ ಕಾಲೇಜು ಪ್ರವೇಶ ಪರೀಕ್ಷೆ ಗಾವೊಕಾವೊ ಅದರದ್ದೇ ಮುಂದುವರಿಕೆ ಅಂತ ಹೇಳುತ್ತಾ ಬಂದಿದ್ದೇನೆ. ಇದು ಸರಿಯಾ? ಸರ್ಕಾರ ಬದಲಾದಾಗ ಅಲ್ಲಿನ ಶಾಲೆಯೊಳಗೆ ನಿಜವಾಗಿ ಏನು ಬದಲಾಯಿತು?

ಉತ್ತರ: ಮೇಷ್ಟ್ರೇ, ನೀವು ಹೇಳುವ ಕಥೆಯಲ್ಲಿ ಎರಡು ಪರೀಕ್ಷೆಗಳು ಕಲೆಸಿಹೋಗಿವೆ. ಚಕ್ರವರ್ತಿಗಳ ಕಾಲದ ಹಳೆಯ ಪರೀಕ್ಷೆಯನ್ನು ರದ್ದು ಮಾಡಿದ್ದು ಚಕ್ರವರ್ತಿಯ ಸರ್ಕಾರವೇ, 1905ರಲ್ಲಿ. ಆಗ ಮಾವೋಗೆ 11 ವರ್ಷ. 1966ರಲ್ಲಿ ನಿಂತದ್ದು ಕಾಲೇಜು ಪ್ರವೇಶ ಪರೀಕ್ಷೆ. ದೇಶಕ್ಕೆಲ್ಲ ಒಂದೇ ಆಗಿ ಅದನ್ನು ಶುರು ಮಾಡಿದ್ದು 1952ರಲ್ಲಿ, ಅದೂ ಮಾವೋ ಸರ್ಕಾರವೇ. ಮಾವೋ ನಂತರದ ನಾಯಕ ಡೆಂಗ್ ಷಿಯಾವೊಪಿಂಗ್ 1977ರಲ್ಲಿ ವಾಪಸ್ ತಂದದ್ದು ಈ ಎರಡನೆಯದನ್ನು.

ಇದನ್ನು ಬಿಡಿಸಿಕೊಂಡರೆ ನಿಮ್ಮ ಕೊನೆಯ ಪ್ರಶ್ನೆಗೂ ದಾರಿ ಸಿಗುತ್ತದೆ. ಸರ್ಕಾರ ಬದಲಾದಾಗಲೆಲ್ಲ ಚೀನಾದಲ್ಲಿ ಸಿಲಬಸ್ ಬದಲಾಗಿದೆ, ಅದು ಎಲ್ಲ ದೇಶದಲ್ಲೂ ಆಗುತ್ತದೆ. ಅಲ್ಲಿ ದೊಡ್ಡ ಜಗಳ ನಡೆದದ್ದು ಬಾಗಿಲ ಹತ್ತಿರ. ಮೇಲಕ್ಕೆ ಯಾರನ್ನು ಬಿಡಬೇಕು? ಅಂಕ ನೋಡಿ ಬಿಡಬೇಕೋ, ನಿಷ್ಠೆ ನೋಡಿಯೋ, ಹುಟ್ಟಿದ ಮನೆ ನೋಡಿಯೋ? ನೂರಿಪ್ಪತ್ತು ವರ್ಷದ ಕಥೆಯನ್ನು ಈ ಒಂದು ಪ್ರಶ್ನೆ ಹಿಡಿದು ಓದಬಹುದು. ಇನ್ನೊಂದು ವಿಷಯವನ್ನೂ ಗಮನಿಸಿ. ಪ್ರತಿ ಸಲವೂ ಆಳುವವರು ತಮ್ಮ ಅಧಿಕಾರ ಉಳಿಸಿಕೊಳ್ಳಲು ಶಾಲೆಯನ್ನು ತಿದ್ದಿದರು. ಅಲ್ಲಿ ಓದಿದವರು ಮಾತ್ರ ಹೇಳಿದ ಹಾಗೆ ಕೇಳಲಿಲ್ಲ.

ಹಳೆಯ ಪರೀಕ್ಷೆಯಿಂದ ಶುರು ಮಾಡೋಣ. ಸುಯಿ ವಂಶದ ಕಾಲದಲ್ಲಿ, ಏಳನೇ ಶತಮಾನದ ಆರಂಭದಲ್ಲಿ ಹುಟ್ಟಿ ಸುಮಾರು 1,300 ವರ್ಷ ನಡೆದ ಪರೀಕ್ಷೆ ಇದು. ಉದ್ದೇಶ ಸರ್ಕಾರಕ್ಕೆ ಅಧಿಕಾರಿಗಳನ್ನು ಆರಿಸುವುದು. ಕನ್‌ಫ್ಯೂಷಿಯಸ್ ಪಂಥದ ಗ್ರಂಥಗಳು ಬಾಯಿಪಾಠ ಇರಬೇಕು. ಎಂಟು ಭಾಗಗಳ ಕಟ್ಟುನಿಟ್ಟಿನ ಪ್ರಬಂಧ ಬರೆಯಬೇಕು. ಮೊದಲು ಜಿಲ್ಲೆಯ ಮಟ್ಟ, ಆಮೇಲೆ ಪ್ರಾಂತ್ಯ, ಆಮೇಲೆ ರಾಜಧಾನಿ, ಕೊನೆಗೆ ಅರಮನೆ. ಹೆಂಗಸರಿಗೆ ಪ್ರವೇಶವೇ ಇಲ್ಲ.

ಸರ್ಕಾರ ಹೆಚ್ಚಾಗಿ ಶಾಲೆ ನಡೆಸುತ್ತಿರಲಿಲ್ಲ, ಪರೀಕ್ಷೆ ನಡೆಸುತ್ತಿತ್ತು. ಓದಿಸುವ ಖರ್ಚು ಮನೆಯವರದ್ದು, ಇಲ್ಲವೇ ಕುಲದವರದ್ದು. ಊರಿನ ಮೇಷ್ಟ್ರನ್ನು ಇಟ್ಟುಕೊಂಡು ಪಾಠ ಹೇಳಿಸುತ್ತಿದ್ದರು. ಆದರೂ ಇಡೀ ದೇಶದ ಹುಡುಗರು ಒಂದೇ ಪುಸ್ತಕ ಓದುತ್ತಿದ್ದರು, ಯಾಕೆಂದರೆ ಪ್ರಶ್ನೆ ಬರುವುದು ಅದರಿಂದ ಮಾತ್ರ. ಅಷ್ಟು ಕಡಿಮೆ ಖರ್ಚಿನಲ್ಲಿ ಅಷ್ಟು ದೊಡ್ಡ ಹತೋಟಿ ಇನ್ಯಾವ ಅರಸನಿಗೂ ಸಿಕ್ಕಿರಲಿಕ್ಕಿಲ್ಲ.

ಆಗಲೂ ಬಾಗಿಲ ಜಗಳ ಇತ್ತು. 1397ರಲ್ಲಿ, ಮಿಂಗ್ ವಂಶದ ಕಾಲದಲ್ಲಿ, ರಾಜಧಾನಿಯ ಪರೀಕ್ಷೆಯಲ್ಲಿ ಪಾಸಾದವರೆಲ್ಲ ದಕ್ಷಿಣದವರೇ ಆಗಿಬಿಟ್ಟರು. ಉತ್ತರದವರು ಗಲಾಟೆ ಮಾಡಿದರು. ಚಕ್ರವರ್ತಿ ಪರೀಕ್ಷಕರಲ್ಲಿ ಕೆಲವರನ್ನು ಕೊಲ್ಲಿಸಿ, ಉತ್ತರದವರದ್ದೇ ಇನ್ನೊಂದು ಪಟ್ಟಿ ಮಾಡಿಸಿದ. ಪ್ರಾಂತ್ಯವಾರು ಕೋಟಾ ಗಟ್ಟಿಯಾದದ್ದು ಆಮೇಲೆ. ಫೇಲಾದವರ ಸಿಟ್ಟೂ ಸಣ್ಣದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಕೋಟಿಗಟ್ಟಲೆ ಜನರನ್ನು ಬಲಿ ತೆಗೆದುಕೊಂಡ ತೈಪಿಂಗ್ ದಂಗೆಯ ನಾಯಕ ಹೊಂಗ್ ಷಿಯುಚುವಾನ್ ಈ ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸಾದವನು.

ಬ್ರಿಟಿಷರ ಎದುರು ಅಫೀಮು ಯುದ್ಧದಲ್ಲಿ ಸೋತ ಮೇಲೂ ಆಗ ಆಳುತ್ತಿದ್ದ ಚಿಂಗ್ ವಂಶದ ಸರ್ಕಾರ ಪರೀಕ್ಷೆಗೆ ಕೈ ಹಚ್ಚಲಿಲ್ಲ. ಪಕ್ಕದಲ್ಲಿ ಸಣ್ಣ ಸಣ್ಣ ಶಾಲೆ ತೆರೆಯಿತು. 1862ರಲ್ಲಿ ಬೀಜಿಂಗಿನಲ್ಲಿ ವಿದೇಶಿ ಭಾಷೆ ಕಲಿಸಲು ಒಂದು, 1866ರಲ್ಲಿ ಫುಜೋದಲ್ಲಿ ಹಡಗು ಕಟ್ಟುವ ವಿದ್ಯೆಗೆ ಇನ್ನೊಂದು. 1872ರಿಂದ 120 ಹುಡುಗರನ್ನು ಅಮೆರಿಕಕ್ಕೆ ಕಳಿಸಿತು. ಅದರ ಹಿಂದಿದ್ದವರು ಯೇಲ್‌ನಲ್ಲಿ ಓದಿ ಬಂದ ಯುಂಗ್ ವಿಂಗ್. ಹುಡುಗರು ಬೇಸ್‌ಬಾಲ್ ಆಡಲು ಶುರು ಮಾಡಿದರು, ಚರ್ಚಿಗೆ ಹೋದರು, ಕೆಲವರು ಚಿಂಗ್ ವಂಶದ ಮೇಲಿನ ನಿಷ್ಠೆಯ ಗುರುತಾದ ಜಡೆಯನ್ನೇ ಕತ್ತರಿಸಿಕೊಂಡರು. ಆಸ್ಥಾನದವರಿಗೆ ಹೆದರಿಕೆ ಆಯಿತು. 1881ರಲ್ಲಿ ಓದು ಅರ್ಧಕ್ಕೇ ನಿಲ್ಲಿಸಿ ಎಲ್ಲರನ್ನೂ ವಾಪಸ್ ಕರೆಸಿಕೊಂಡರು. ಓದು ಮುಗಿಸಿದ್ದ ಒಬ್ಬಿಬ್ಬರಲ್ಲಿ ಜಾನ್ ತಿಯಾನ್ಯೋ ಒಬ್ಬರು. ವಿದೇಶಿ ಎಂಜಿನಿಯರುಗಳಿಲ್ಲದೆ ಬೀಜಿಂಗಿನಿಂದ ಜಾಂಗ್‌ಜಿಯಾಕೋವರೆಗೆ ರೈಲು ದಾರಿ ಹಾಕಿಸಿದ್ದು ಅವರೇ. ಅದು ಮುಗಿದದ್ದು 1909ರಲ್ಲಿ.

ದೊಡ್ಡ ಏಟು ಬಿದ್ದದ್ದು 1895ರಲ್ಲಿ, ಜಪಾನಿನ ಕೈಯಲ್ಲಿ. ಪಶ್ಚಿಮದವರ ಎದುರು ಸೋಲುವುದು ಬೇರೆ. ಶತಮಾನಗಳ ಕಾಲ ನಮ್ಮಿಂದಲೇ ಕಲಿತವರು ಅಂದುಕೊಂಡಿದ್ದ ಜಪಾನಿನ ಎದುರು ಸೋಲುವುದು ಬೇರೆ. 1898ರಲ್ಲಿ ಯುವ ಚಕ್ರವರ್ತಿ ನೂರು ದಿನದ ಸುಧಾರಣೆಗೆ ಕೈಹಾಕಿದರು. ರಾಜಮಾತೆ ತ್ಸಿಶಿ ಅದನ್ನು ಮುರಿದರು, ಸುಧಾರಕರಲ್ಲಿ ಆರು ಮಂದಿಯ ತಲೆ ಹೋಯಿತು. ಉಳಿದುಕೊಂಡ ಬೆರಳೆಣಿಕೆಯ ಕೆಲಸಗಳಲ್ಲಿ ಒಂದು ಹೊಸ ವಿಶ್ವವಿದ್ಯಾಲಯ. ಅದೇ ಇವತ್ತಿನ ಪೀಕಿಂಗ್ ವಿಶ್ವವಿದ್ಯಾಲಯ.

1900ರಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆ ಸೋತು ಅವಮಾನ ಆದ ಮೇಲೆ ಅದೇ ತ್ಸಿಶಿ ಸುಧಾರಣೆಗೆ ಇಳಿದರು. 1904ರಲ್ಲಿ ಜಪಾನ್ ಮಾದರಿಯ ಶಾಲಾ ವ್ಯವಸ್ಥೆ ಬಂತು. ಆದರೆ ಹೊಸ ಶಾಲೆಗೆ ಮಕ್ಕಳೇ ಬರಲಿಲ್ಲ. ನೌಕರಿ ಸಿಗುವುದು ಹಳೆಯ ಪರೀಕ್ಷೆಯಿಂದ ಅಂದಮೇಲೆ ಭೂಗೋಳ, ಗಣಿತ ಓದಲು ಯಾರು ಬರುತ್ತಾರೆ? ಹಳೆಯ ಪರೀಕ್ಷೆ ಇರುವ ತನಕ ಹೊಸ ಶಾಲೆ ಬೆಳೆಯುವುದಿಲ್ಲ ಎಂದು ಯುವಾನ್ ಶಿಕಾಯ್, ಜಾಂಗ್ ಜಿದೊಂಗ್ ಮುಂತಾದ ದೊಡ್ಡ ಅಧಿಕಾರಿಗಳು ಅರ್ಜಿ ಹಾಕಿದರು. 1905ರ ಸೆಪ್ಟೆಂಬರ್ 2ರಂದು ಆಜ್ಞೆ ಹೊರಟಿತು. ಒಂದು ಕಾಗದದಲ್ಲಿ 1,300 ವರ್ಷದ ವ್ಯವಸ್ಥೆ ಮುಗಿಯಿತು.

ನನ್ನ ಪ್ರಕಾರ ಆಧುನಿಕ ಚೀನಾದ ಶಿಕ್ಷಣದಲ್ಲಿ 1949ಕ್ಕಿಂತ ದೊಡ್ಡ ಮುರಿತ ಇದೇ. ಹಳ್ಳಿಯಲ್ಲಿ ಅದು ಹೇಗೆ ತಟ್ಟಿತು ಅನ್ನುವುದಕ್ಕೆ ಷಾನ್‌ಶಿ ಪ್ರಾಂತ್ಯದ ಲಿಯು ದಾಪೆಂಗ್ ಒಳ್ಳೆಯ ಸಾಕ್ಷಿ. ಪ್ರಾಂತ್ಯ ಮಟ್ಟದ ಪರೀಕ್ಷೆ ಪಾಸಾಗಿದ್ದವರು. ವ್ಯಾಪಾರಿಯೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಬದುಕುತ್ತಿದ್ದರು. ದಶಕಗಳ ಕಾಲ ದಿನಚರಿ ಬರೆದರು. ಪರೀಕ್ಷೆ ರದ್ದಾದ ಸುದ್ದಿ ಬಂದಾಗಿನ ದಿಗಿಲೆಲ್ಲ ಅದರಲ್ಲಿದೆ. ಅವರ ವಿದ್ಯೆಗೆ ಒಮ್ಮೆಲೇ ಬೆಲೆ ಹೋಯಿತು. ಮುಂದೆ ಕಲ್ಲಿದ್ದಲು ಗಣಿಯ ವ್ಯವಹಾರ ನೋಡಿಕೊಂಡರು, ಹೊಲ ಮಾಡಿದರು. ಇಂಥವರು ದೇಶದ ತುಂಬ ಇದ್ದರು. ಅಲ್ಲಿಯ ತನಕ ಓದಿದವನು ಹಳ್ಳಿಯಲ್ಲೇ ಇರುತ್ತಿದ್ದ, ಚಕ್ರವರ್ತಿಯ ಕಡೆಯವನಾಗಿರುತ್ತಿದ್ದ. ಈಗ ಓದಬೇಕೆಂದರೆ ಪೇಟೆಗೆ ಹೋಗಬೇಕು, ಹಣ ಬೇಕು, ಓದಿದ ಮೇಲೆ ಚಕ್ರವರ್ತಿಯ ಹಂಗೂ ಇಲ್ಲ.

ಹುಡುಗರು ಎಲ್ಲಿಗೆ ಹೋದರು? ಜಪಾನಿಗೆ. ಹತ್ತಿರ, ಖರ್ಚು ಕಡಿಮೆ. 1905–06ರ ಹೊತ್ತಿಗೆ ಅಲ್ಲಿ ಸುಮಾರು 8,000 ಚೀನೀ ವಿದ್ಯಾರ್ಥಿಗಳಿದ್ದರು. ಸುನ್ ಯತ್‌ಸೆನ್ ಕ್ರಾಂತಿಯ ಸಂಘ ಕಟ್ಟಿದ್ದು 1905ರಲ್ಲಿ, ಟೋಕಿಯೋದಲ್ಲಿ, ಈ ವಿದ್ಯಾರ್ಥಿಗಳ ಮಧ್ಯೆಯೇ. ಅಲ್ಲಿ ಓದಿ ಬಂದ ಚಿಯು ಜಿನ್ ಎಂಬ ಹೆಣ್ಣುಮಗಳು ಶಾವೊಶಿಂಗ್‌ನ ಒಂದು ಶಾಲೆಯಲ್ಲಿ ಪಾಠದ ಹೆಸರಲ್ಲಿ ದಂಗೆಗೆ ತಯಾರಿ ನಡೆಸಿದರು. 1907ರಲ್ಲಿ ಅವರ ತಲೆ ತೆಗೆದರು. ಅದೇ ವರ್ಷ ಸರ್ಕಾರ ಹೆಣ್ಣುಮಕ್ಕಳ ಶಾಲೆಗೆ ಮೊದಲ ಬಾರಿಗೆ ನಿಯಮ ಮಾಡಿತು. ವಂಶವನ್ನು ಉಳಿಸಲು ಪರೀಕ್ಷೆ ರದ್ದು ಮಾಡಿದವರು ಆರೇಳು ವರ್ಷದಲ್ಲಿ ವಂಶವನ್ನೇ ಕಳೆದುಕೊಂಡರು. 1912ರ ಫೆಬ್ರವರಿಯಲ್ಲಿ ಬಾಲ ಚಕ್ರವರ್ತಿಯ ಹೆಸರಲ್ಲಿ ಸಿಂಹಾಸನ ಬಿಟ್ಟುಕೊಟ್ಟರು.

ಗಣರಾಜ್ಯದ ಮೊದಲ ಶಿಕ್ಷಣ ಮಂತ್ರಿ ತ್ಸಾಯ್ ಯುವಾನ್‌ಪೇಯ್. ಹಳೆಯ ಪರೀಕ್ಷೆಯ ಅತ್ಯುನ್ನತ ಹಂತ ಗೆದ್ದವರು, ಆಮೇಲೆ ಜರ್ಮನಿಗೆ ಹೋಗಿ ಓದಿದವರು. ಪ್ರಾಥಮಿಕ ಶಾಲೆಯಿಂದ ಕನ್‌ಫ್ಯೂಷಿಯಸ್ ಗ್ರಂಥಗಳ ಪಾಠ ತೆಗೆದದ್ದು ಇವರೇ. ಅಧ್ಯಕ್ಷ ಯುವಾನ್ ಶಿಕಾಯ್‌ಗೆ ತಾನೇ ಚಕ್ರವರ್ತಿ ಆಗುವ ಆಸೆ ಹುಟ್ಟಿದಾಗ ಅದೇ ಗ್ರಂಥಗಳನ್ನು ತರಗತಿಗೆ ಮತ್ತೆ ತರುವ ಆಜ್ಞೆ ಹೊರಟಿತು. ಆತ 1916ರಲ್ಲಿ ಸತ್ತ ಮೇಲೆ ಅದು ಬಿದ್ದುಹೋಯಿತು. ಯಾರಿಗೆ ಯಾವ ಪುಸ್ತಕ ಯಾವಾಗ ಬೇಕಾಗುತ್ತದೆ ನೋಡಿ!

1917ರಲ್ಲಿ ತ್ಸಾಯ್ ಪೀಕಿಂಗ್ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. ಚೆನ್ ದುಶಿಯು, ಹು ಷಿ ಅವರನ್ನು ಕರೆತಂದರು. ಜಡೆ ಬಿಟ್ಟುಕೊಂಡ ಹಳೆಯ ಪಂಡಿತರನ್ನೂ ಉಳಿಸಿಕೊಂಡರು. ಗ್ರಂಥಾಲಯದ ಮುಖ್ಯಸ್ಥ ಲಿ ದಾಜಾವೊ. ಅವರ ಕೈಕೆಳಗೆ ಕೆಲವು ತಿಂಗಳು ಸಹಾಯಕರಾಗಿ ಕೆಲಸ ಮಾಡಿದವರಲ್ಲಿ ಹುನಾನ್‌ನಿಂದ ಬಂದ ಮಾವೋ ಒಬ್ಬರು. ಮಾವೋ ಓದಿದ್ದು ಚಾಂಗ್‌ಶಾದ ಶಿಕ್ಷಕರ ತರಬೇತಿ ಶಾಲೆಯಲ್ಲಿ. ಫೀಸು ಇಲ್ಲದ ಈ ಶಾಲೆಗಳಿಗೆ ಹಳ್ಳಿಯ ಜಾಣ ಹುಡುಗರು ಬರುತ್ತಿದ್ದರು. ಓದಿದ ಮೇಲೆ ಸಿಗುತ್ತಿದ್ದದ್ದು ಸಣ್ಣ ಸಂಬಳದ ಮೇಷ್ಟ್ರ ಕೆಲಸ. ಮುಂದೆ ಕಮ್ಯುನಿಸ್ಟ್ ಪಕ್ಷಕ್ಕೆ ಇಲ್ಲಿಂದ ಬಹಳ ಜನ ಬಂದರು.

1919ರ ಮೇ 4ರಂದು ಸುಮಾರು 3,000 ವಿದ್ಯಾರ್ಥಿಗಳು ಬೀಜಿಂಗಿನ ತಿಯಾನನ್‌ಮೆನ್ ಎದುರು ಸೇರಿದರು. ಷಾಂಡೊಂಗ್‌ನಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಶಾಂತಿ ಸಭೆಯಲ್ಲಿ ಜಪಾನಿಗೆ ಕೊಟ್ಟದ್ದು ಕಾರಣ. ಇದು ನಿಮ್ಮ ಪಠ್ಯದಲ್ಲೂ ಇರುತ್ತದೆ. ತರಗತಿಯೊಳಗಿನ ಫಲ ಅಷ್ಟಾಗಿ ಇರುವುದಿಲ್ಲ. 1920ರಲ್ಲಿ ಪ್ರಾಥಮಿಕ ಶಾಲೆಯ ಮೊದಲ ತರಗತಿಗಳ ಪುಸ್ತಕಗಳು ಹಳೆಯ ಗ್ರಾಂಥಿಕ ಭಾಷೆ ಬಿಟ್ಟು ಆಡುಮಾತಿಗೆ ಹತ್ತಿರದ ಭಾಷೆಯಲ್ಲಿರಬೇಕು ಎಂಬ ಆದೇಶ ಬಂತು. ಅದೇ ವರ್ಷ ಪೀಕಿಂಗ್ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತು. 1922ರಲ್ಲಿ ಜಪಾನ್ ಮಾದರಿ ಹೋಗಿ ಅಮೆರಿಕದ ಮಾದರಿ ಬಂತು. ಆರು ವರ್ಷ ಪ್ರಾಥಮಿಕ, ಮೂರು ವರ್ಷ ಕೆಳ ಪ್ರೌಢ, ಮೂರು ವರ್ಷ ಮೇಲು ಪ್ರೌಢ. ಸರ್ಕಾರಗಳು ಬಂದು ಹೋದರೂ ಈ ಲೆಕ್ಕ ಮಾತ್ರ ಹೆಚ್ಚುಕಡಿಮೆ ಇವತ್ತಿಗೂ ಇದೆ.

ಚಿಯಾಂಗ್ ಕೈಶೆಕ್ ಅವರ ಕುವೊಮಿಂಟಾಂಗ್ ಪಕ್ಷ ಅಧಿಕಾರಕ್ಕೆ ಬಂದಾಗ ಶಾಲೆಗಳಲ್ಲಿ ಸೋಮವಾರ ಸುನ್ ಯತ್‌ಸೆನ್ ಭಾವಚಿತ್ರಕ್ಕೆ ನಮಸ್ಕಾರ, ಅವರ ಉಯಿಲಿನ ಪಠಣ ಶುರುವಾಯಿತು. ಪಕ್ಷದ ಸಿದ್ಧಾಂತವೇ ಒಂದು ವಿಷಯವಾಯಿತು. ಶಾಲೆಗೆ ಪಕ್ಷವನ್ನು ತಂದದ್ದು ಕಮ್ಯುನಿಸ್ಟರು ಅಂತ ಸುಮ್ನೆ ಹೇಳಿಬಿಡುತ್ತೇವೆ. ಆ ಅಭ್ಯಾಸ ಅವರಿಗಿಂತ ಹಳೆಯದು.

ಯುದ್ಧದ ವರ್ಷಗಳಲ್ಲಿ ನಡೆದ ಒಂದು ಪ್ರಯೋಗವನ್ನು ಮಕ್ಕಳಿಗೆ ಖಂಡಿತ ಹೇಳಿ. 1937ರಲ್ಲಿ ಜಪಾನ್ ದಾಳಿ ಮಾಡಿದಾಗ ಪೀಕಿಂಗ್, ತ್ಸಿಂಗ್ಹುವಾ, ನಾನ್ಕಾಯ್ ವಿಶ್ವವಿದ್ಯಾಲಯಗಳು ಊರು ಬಿಟ್ಟು ಚಾಂಗ್‌ಶಾಕ್ಕೆ ಬಂದವು. ಅಲ್ಲೂ ಬಾಂಬ್ ಬೀಳತೊಡಗಿತು. 1938ರಲ್ಲಿ ದೂರದ ಕುನ್‌ಮಿಂಗ್‌ಗೆ ಹೊರಟವು. ವಿದ್ಯಾರ್ಥಿಗಳ ಒಂದು ತಂಡ, ಜೊತೆಗೆ ಕೆಲವು ಮೇಷ್ಟ್ರುಗಳು, 68 ದಿನಗಳಲ್ಲಿ ಸುಮಾರು 1,600 ಕಿಲೋಮೀಟರ್ ದಾಟಿದರು, ಹೆಚ್ಚಿನದು ಕಾಲ್ನಡಿಗೆ. ಅಲ್ಲಿ ಮಣ್ಣಿನ ಗೋಡೆ, ತಗಡಿನ ಮಾಡು. ಮಳೆ ಬಂದರೆ ಪಾಠ ಕೇಳುತ್ತಿರಲಿಲ್ಲ. ಅರ್ಥಶಾಸ್ತ್ರದ ಪ್ರೊಫೆಸರೊಬ್ಬರು ಇವತ್ತು ಪಾಠ ಇಲ್ಲ, ಮಳೆ ನೋಡೋಣ ಅಂತ ಬೋರ್ಡಿನ ಮೇಲೆ ಬರೆದರಂತೆ. ಯುದ್ಧಕಾಲದ ರಾಜಧಾನಿ ಚೊಂಗ್‌ಚಿಂಗ್‌ನಲ್ಲಿದ್ದ ಶಿಕ್ಷಣ ಮಂತ್ರಿ ಎಲ್ಲರಿಗೂ ಒಂದೇ ಪಠ್ಯ ಹೇರಲು ನೋಡಿದರು. ಇಲ್ಲಿಯ ಪ್ರೊಫೆಸರುಗಳು ಬಗ್ಗಲಿಲ್ಲ. 1957ರ ಭೌತಶಾಸ್ತ್ರ ನೊಬೆಲ್ ಪಡೆದ ಯಾಂಗ್ ಚೆನ್ನಿಂಗ್ ಮತ್ತು ಲೀ ತ್ಸುಂಗ್‌ದಾವೊ ಇಬ್ಬರೂ ಇಲ್ಲಿ ಓದಿದವರು. ಸರ್ಕಾರಕ್ಕೆ ಕೈ ಚಾಚಿ ಹಿಡಿಯಲು ಆಗದಷ್ಟು ದೂರದಲ್ಲಿ ಇದ್ದದ್ದೂ ಆ ಕಾಲೇಜು ಹಾಗೆ ಬೆಳೆಯಲು ಒಂದು ಕಾರಣ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಈಗ 1949, ಮಾವೋ ಅವರ ಕಮ್ಯುನಿಸ್ಟ್ ಪಕ್ಷ ಅಧಿಕಾರಕ್ಕೆ ಬಂದ ವರ್ಷ. ಆಗ ಚೀನಾದಲ್ಲಿ ನೂರಕ್ಕೆ ಸುಮಾರು 80 ಜನಕ್ಕೆ ಓದು ಬರಹ ಬರುತ್ತಿರಲಿಲ್ಲ. ಹೊಸ ಸರ್ಕಾರ ಚಳಿಗಾಲದ ಶಾಲೆ, ರಾತ್ರಿ ಶಾಲೆ ನಡೆಸಿತು. 1956ರಲ್ಲಿ ಅಕ್ಷರಗಳನ್ನು ಸರಳ ಮಾಡಿತು. 1958ರಲ್ಲಿ ರೋಮನ್ ಅಕ್ಷರದಲ್ಲಿ ಉಚ್ಚಾರ ಬರೆಯುವ ಪಿನ್‌ಯಿನ್ ತಂದಿತು. ಇದೆಲ್ಲ ನಿಜವಾದ ಕೆಲಸ.

ಮೇಲಿನ ಹಂತದಲ್ಲಿ ನಡೆದದ್ದು ಬೇರೆ. 1952ರಲ್ಲಿ ಸೋವಿಯತ್ ಮಾದರಿಯಲ್ಲಿ ಕಾಲೇಜುಗಳನ್ನು ಒಡೆದು ಮತ್ತೆ ಜೋಡಿಸಿದರು. ತ್ಸಿಂಗ್ಹುವಾದಿಂದ ವಿಜ್ಞಾನ, ಸಾಹಿತ್ಯ ಕಿತ್ತು ಅದನ್ನು ಎಂಜಿನಿಯರಿಂಗ್ ಕಾಲೇಜು ಮಾಡಿದರು. ಮಿಷನರಿಗಳ ಯೆಂಚಿಂಗ್ ವಿಶ್ವವಿದ್ಯಾಲಯ ಇಲ್ಲವಾಯಿತು. ಅದರ ಚೆಂದದ ಆವರಣ ಪೀಕಿಂಗ್ ವಿಶ್ವವಿದ್ಯಾಲಯದ್ದಾಯಿತು. ಖಾಸಗಿ ಕಾಲೇಜು ಎಂಬುದೇ ಉಳಿಯಲಿಲ್ಲ. ಸಮಾಜಶಾಸ್ತ್ರ ಎಂಬ ವಿಷಯವನ್ನೇ ತೆಗೆದುಹಾಕಿದರು, ಅದು ವಾಪಸ್ ಬಂದದ್ದು 1979ರಲ್ಲಿ. ಉಕ್ಕಿನ ಕಾರ್ಖಾನೆ, ಅಣೆಕಟ್ಟು ಕಟ್ಟುವವರು ಬೇಕಿತ್ತು. ಸಮಾಜ ಹೇಗಿದೆ ಅಂತ ಸಮೀಕ್ಷೆ ಮಾಡುವವರು ಬೇಕಿರಲಿಲ್ಲ.

ಅದೇ 1952ರಲ್ಲಿ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ ಬಂತು. ಅದೇ ಗಾವೊಕಾವೊ. ಮೊದಲ ವರ್ಷ ಹೈಸ್ಕೂಲು ಮುಗಿಸಿದವರಿಗಿಂತ ಕಾಲೇಜು ಸೀಟುಗಳೇ ಜಾಸ್ತಿ ಇದ್ದವು! ನೌಕರಿಯಲ್ಲಿದ್ದವರನ್ನೂ ಕರೆದು ಪರೀಕ್ಷೆ ಬರೆಸಿದರು. ಜನರನ್ನು ಸೋಸಲು ಹುಟ್ಟಿದ ಪರೀಕ್ಷೆ ಅದಲ್ಲ. ಯೋಜನೆಯ ಪ್ರಕಾರ ಎಷ್ಟು ಎಂಜಿನಿಯರು, ಎಷ್ಟು ಡಾಕ್ಟರು ಬೇಕೋ ಅಷ್ಟನ್ನು ಹಂಚಲು ಹುಟ್ಟಿದ್ದು.

ಆಮೇಲೆ ನುಸುಳಿದ್ದು ವರ್ಗದ ಲೆಕ್ಕ. 1957ರಲ್ಲಿ, ಟೀಕೆ ಮಾಡಿ ಅಂತ ಪಕ್ಷವೇ ಕರೆದು, ಮಾಡಿದವರನ್ನು ಬಲಪಂಥೀಯರು ಎಂದು ಗುರುತು ಹಾಕಿತು. ಅಂಥವರು ಸುಮಾರು 5.5 ಲಕ್ಷ, ಅವರಲ್ಲಿ ಮೇಷ್ಟ್ರುಗಳು, ವಿದ್ಯಾರ್ಥಿಗಳು ಬಹಳ. ಜನಸಂಖ್ಯೆ ಹತೋಟಿಯಲ್ಲಿರಬೇಕು ಅಂದ ಪೀಕಿಂಗ್ ವಿಶ್ವವಿದ್ಯಾಲಯದ ಮುಖ್ಯಸ್ಥ ಮಾ ಯಿಂಚು 1960ರಲ್ಲಿ ಹುದ್ದೆ ಕಳೆದುಕೊಂಡರು. ಜಮೀನ್ದಾರನ ಮಗ ಎಷ್ಟೇ ಅಂಕ ತೆಗೆದರೂ ಅವನ ಕಡತದಲ್ಲಿ ಅಪ್ಪನ ವರ್ಗ ಬರೆದಿರುತ್ತಿತ್ತು. ಇನ್ನೊಂದು ಕಡೆ, ಆಯ್ದ ಕೆಲವು ಶಾಲೆಗಳಿಗೆ ಒಳ್ಳೆಯ ಮೇಷ್ಟ್ರು, ಜಾಸ್ತಿ ದುಡ್ಡು ಹೋಗುತ್ತಿತ್ತು. ಅಲ್ಲಿ ಓದುತ್ತಿದ್ದವರು ಹೆಚ್ಚಾಗಿ ಹಳೆಯ ವಿದ್ಯಾವಂತರ ಮಕ್ಕಳು ಮತ್ತು ಹೊಸ ಅಧಿಕಾರಿಗಳ ಮಕ್ಕಳು. ರೈತರ ಕ್ರಾಂತಿ ಮಾಡಿದ ದೇಶದಲ್ಲಿ ರೈತನ ಮಗ ಹಿಂದೆಯೇ ಉಳಿದ. ಮಾವೋಗೆ ಇದು ಚುಚ್ಚುತ್ತಿತ್ತು. ಈಗಿನ ಪರೀಕ್ಷೆ ವಿದ್ಯಾರ್ಥಿಯನ್ನು ಶತ್ರುವಿನಂತೆ ನೋಡಿ ಹೊಂಚು ಹಾಕಿ ಹೊಡೆಯುವ ರೀತಿಯದು ಎಂದು 1964ರಲ್ಲಿ ಅವರು ದೂರಿದ್ದರು. ಮಾತಿನಲ್ಲಿ ಹುರುಳಿತ್ತು. ಅದಕ್ಕೆ ಹುಡುಕಿದ ಮದ್ದು ಭಯಂಕರವಾಗಿತ್ತು.

ಅದೇ ಸಾಂಸ್ಕೃತಿಕ ಕ್ರಾಂತಿ. 1966ರ ಜೂನ್‌ನಲ್ಲಿ ಪ್ರವೇಶ ಪರೀಕ್ಷೆಯನ್ನು ಅರ್ಧ ವರ್ಷ ಮುಂದೂಡಿದ್ದೇವೆ ಅಂದರು. ಅದು ಮತ್ತೆ ನಡೆಯಲು ಹನ್ನೊಂದು ವರ್ಷ ಹಿಡಿಯಿತು. ಆಗಸ್ಟ್ 5ರಂದು ಬೀಜಿಂಗಿನ ಹೆಣ್ಣುಮಕ್ಕಳ ಶಾಲೆಯೊಂದರ ಉಪಪ್ರಾಂಶುಪಾಲೆ ಬಿಯಾನ್ ಜೊಂಗ್‌ಯುನ್ ಅವರನ್ನು ಅವರದ್ದೇ ವಿದ್ಯಾರ್ಥಿನಿಯರು ಹೊಡೆದು ಕೊಂದರು. ಇಂಥದ್ದು ಆ ಬೇಸಿಗೆಯಲ್ಲಿ ಹಲವು ಕಡೆ ನಡೆಯಿತು. ಮಾವೋ ಹೆಸರಲ್ಲಿ ಎದ್ದ ವಿದ್ಯಾರ್ಥಿಗಳ, ಅಂದರೆ ರೆಡ್ ಗಾರ್ಡ್‌ಗಳ ಗುಂಪುಗಳು ತಮ್ಮೊಳಗೇ ಬಡಿದಾಡಿದವು. 1968ರ ಕೊನೆಗೆ ಮಾವೋ ಅವರನ್ನೆಲ್ಲ ಹಳ್ಳಿಗೆ ಹೋಗಿ ರೈತರಿಂದ ಕಲಿಯಿರಿ ಎಂದರು. ಒಟ್ಟು 1.6 ಕೋಟಿಗೂ ಹೆಚ್ಚು ಪೇಟೆಯ ಹುಡುಗ ಹುಡುಗಿಯರು ಹಳ್ಳಿ ಸೇರಿದರು. ಈಗಿನ ಅಧ್ಯಕ್ಷ ಷಿ ಜಿನ್‌ಪಿಂಗ್ ಅವರಲ್ಲಿ ಒಬ್ಬರು.

1970ರಿಂದ ಕಾಲೇಜುಗಳು ನಿಧಾನಕ್ಕೆ ತೆರೆದವು, ಪರೀಕ್ಷೆ ಇಲ್ಲದೆ. ಕಾರ್ಮಿಕ, ರೈತ, ಸೈನಿಕರನ್ನು ಅವರವರ ಘಟಕ ಶಿಫಾರಸು ಮಾಡಬೇಕು. ಕೇಳಲು ನ್ಯಾಯವಾಗಿದೆ. ಆದರೆ ಶಿಫಾರಸು ಬರೆಯುವವನು ಯಾರು? ಸ್ಥಳೀಯ ಅಧಿಕಾರಿ. ಅವನ ಪರಿಚಯ ಇದ್ದವರ ಮಕ್ಕಳು ಹಿಂಬಾಗಿಲಿಂದ ಒಳಗೆ ಹೋದರು. 1973ರಲ್ಲಿ ಶಿಫಾರಸಿನ ಜೊತೆ ಒಂದು ಪರೀಕ್ಷೆಯೂ ಇರಲಿ ಎಂಬ ಪ್ರಯತ್ನ ಆಯಿತು. ಲಿಯಾವೊನಿಂಗ್‌ನಲ್ಲಿ ಜಾಂಗ್ ತಿಯೆಶೆಂಗ್ ಎಂಬ ಯುವಕ ಉತ್ತರ ಪತ್ರಿಕೆಯ ಹಿಂದೆ, ತಾನು ಹೊಲದಲ್ಲಿ ದುಡಿಯುತ್ತಿದ್ದರಿಂದ ಓದಲು ಸಮಯ ಸಿಗಲಿಲ್ಲ, ಓದುತ್ತಾ ಕೂತವರಿಗೆ ಲಾಭ ಆಯಿತು ಎಂದು ಪತ್ರ ಬರೆದ. ಖಾಲಿ ಹಾಳೆಯ ವೀರ ಎಂದು ಪತ್ರಿಕೆಗಳು ಹೊಗಳಿದವು. ಪೂರ್ತಿ ಖಾಲಿ ಏನಲ್ಲ, ಗಣಿತದಲ್ಲಿ 61 ಬಂದಿತ್ತು. ಅವನಿಗೆ ಕಾಲೇಜು ಸಿಕ್ಕಿತು, ಪರೀಕ್ಷೆಯ ಪ್ರಯತ್ನ ಮುಗಿಯಿತು. ಮಾವೋ ಸತ್ತ ಮೇಲೆ ಅದೇ ಜಾಂಗ್ ಜೈಲಿಗೆ ಹೋದ.

ಇಷ್ಟೇ ಹೇಳಿದರೆ ಅರ್ಧ ಸತ್ಯ. ಅದೇ ವರ್ಷಗಳಲ್ಲಿ ಹಳ್ಳಿಗಳಲ್ಲಿ ಶಾಲೆಗಳು ಹಿಂದೆಂದೂ ಇಲ್ಲದಷ್ಟು ಹೆಚ್ಚಿದವು. ಪ್ರಾಥಮಿಕ ಶಾಲೆಗೇ ಪ್ರೌಢ ತರಗತಿ ಜೋಡಿಸಿದರು. ಊರಿನವರೇ ಮೇಷ್ಟ್ರು, ಸಂಬಳದ ಬದಲು ಸಾಮೂಹಿಕ ಬೇಸಾಯದ ಕಮ್ಯೂನಿನಲ್ಲಿ ದುಡಿಮೆಯ ಅಂಕ. ಪಾಠದ ಗುಣಮಟ್ಟ ಅಷ್ಟಕ್ಕಷ್ಟೇ. ಆದರೆ ಮೊದಲ ಸಲ ಪ್ರೌಢಶಾಲೆ ಕಂಡ ಹಳ್ಳಿಯ ಹೆಣ್ಣುಮಕ್ಕಳು ಲಕ್ಷಗಟ್ಟಲೆ. ಪೇಟೆಯ ವಿದ್ಯಾವಂತರು ಬರೆದ ನೆನಪುಗಳಲ್ಲಿ ಇದು ಸಿಗುವುದಿಲ್ಲ. ಅವರು ಕಳೆದುಕೊಂಡದ್ದು ಅಪಾರ, ಹಾಗಾಗಿ ಅವರನ್ನು ದೂರುವಂತಿಲ್ಲ.

1977ರ ಆಗಸ್ಟ್‌ನಲ್ಲಿ ಡೆಂಗ್ ವಿಜ್ಞಾನಿಗಳು, ಪ್ರೊಫೆಸರುಗಳ ಸಭೆ ಕರೆದರು. ವುಹಾನ್ ವಿಶ್ವವಿದ್ಯಾಲಯದ ಜಾ ಚುವಾನ್‌ಶಿಂಗ್ ಎದ್ದು, ಶಿಫಾರಸು ನಿಲ್ಲಿಸಿ, ಇದೇ ವರ್ಷ ಪರೀಕ್ಷೆ ಮಾಡಿ ಎಂದರು. ಡೆಂಗ್ ಒಪ್ಪಿದರು. ಅರ್ಜಿದಾರರ ಮನೆತನ ಜಾಲಾಡುವ ಷರತ್ತುಗಳನ್ನು ಕರಡಿನಿಂದ ತೆಗೆಸಿದರು. ಪ್ರಕಟಣೆ ಬಂದದ್ದು ಅಕ್ಟೋಬರ್‌ನಲ್ಲಿ, ಪರೀಕ್ಷೆ ವರ್ಷದ ಕೊನೆಯಲ್ಲಿ. ಬರೆದವರು 57 ಲಕ್ಷ, ಸೀಟು ಸಿಕ್ಕಿದ್ದು 2.73 ಲಕ್ಷ ಜನರಿಗೆ. ಪ್ರಶ್ನೆಪತ್ರಿಕೆಗೆ ಕಾಗದ ಸಾಲದೆ, ಮಾವೋ ಬರಹಗಳ ಐದನೇ ಸಂಪುಟಕ್ಕೆ ಇಟ್ಟಿದ್ದ ಕಾಗದ ಬಳಸಿದರು. ಮೂವತ್ತು ದಾಟಿದ ಅಪ್ಪಂದಿರು, ಶಾಲೆ ಬಿಟ್ಟು ಹತ್ತು ವರ್ಷವಾದ ಟ್ರ್ಯಾಕ್ಟರ್ ಚಾಲಕರು, ಹದಿನೇಳರ ಹುಡುಗಿಯರು ಒಂದೇ ಕೋಣೆಯಲ್ಲಿ ಕೂತು ಬರೆದರು. ಮುಂದೆ ಪ್ರಧಾನಿಯಾದ ಲಿ ಕೆಚಿಯಾಂಗ್ ಈ ತಂಡದವರು. 1978ರ ಡಿಸೆಂಬರ್‌ನಲ್ಲಿ 52 ಜನರ ತಂಡ ಅಮೆರಿಕಕ್ಕೆ ಓದಲು ಹೊರಟಿತು. 1949ರ ನಂತರ ಮುಚ್ಚಿದ್ದ ದಾರಿ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲೇ ಹೀಗೆ ಮತ್ತೆ ತೆರೆಯಿತು.

ಇದಕ್ಕೂ ಬೆಲೆ ತೆರಬೇಕಾಯಿತು. ಆಯ್ದ ಶಾಲೆಗಳಿಗೆ ದುಡ್ಡು ವಾಪಸ್ ಹೋಯಿತು. ಹಳ್ಳಿಯ ಪ್ರೌಢಶಾಲೆಗಳು ಸಾಲುಸಾಲಾಗಿ ಮುಚ್ಚಿದವು. 1986ರ ಕಾನೂನು ಒಂಬತ್ತು ವರ್ಷದ ಕಡ್ಡಾಯ ಶಿಕ್ಷಣ ಅಂದಿತು, ಖರ್ಚನ್ನು ಮಾತ್ರ ಸ್ಥಳೀಯ ಆಡಳಿತದ ತಲೆಗೆ ಕಟ್ಟಿತು. ಅವರು ಆ ಫೀಸು, ಈ ಫೀಸು ಅಂತ ರೈತರಿಂದ ವಸೂಲು ಮಾಡಿದರು. ಹಳ್ಳಿಯಲ್ಲಿ ಕಡ್ಡಾಯ ಶಿಕ್ಷಣ ನಿಜಕ್ಕೂ ಉಚಿತ ಆದದ್ದು 2006–07ರಲ್ಲಿ.

1989ರಲ್ಲಿ ವಿದ್ಯಾರ್ಥಿಗಳ ಚಳವಳಿಯನ್ನು ಸೇನೆ ಹೊಸಕಿಹಾಕಿದ ತಿಯಾನನ್‌ಮೆನ್ ಹತ್ಯಾಕಾಂಡದ ನಂತರ ಪೀಕಿಂಗ್ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರಿದವರನ್ನು ಕೆಲವು ವರ್ಷ ಮೊದಲು ಒಂದು ವರ್ಷದ ಸೈನಿಕ ತರಬೇತಿಗೆ ಕಳಿಸಿದರು. 1994ರಲ್ಲಿ ದೇಶಭಕ್ತಿ ಶಿಕ್ಷಣದ ರೂಪರೇಖೆ ಬಂತು. ವರ್ಗ ಹೋರಾಟದ ಕಥೆ ಹಿಂದೆ ಸರಿಯಿತು. ವಿದೇಶಿಯರು ಚೀನಾಕ್ಕೆ ಮಾಡಿದ ಅವಮಾನದ ಕಥೆ ಮುಂದೆ ಬಂತು. ಇವತ್ತು ಮಧ್ಯವಯಸ್ಸಿನಲ್ಲಿರುವ ಚೀನೀಯರು ಆ ಪುಸ್ತಕ ಓದಿ ಬೆಳೆದವರು. 1999ರಲ್ಲಿ ಕಾಲೇಜು ಸೀಟುಗಳನ್ನು ಒಂದೇ ವರ್ಷಕ್ಕೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ಮಾಡಿದರು. ಏಷ್ಯಾದ ಆರ್ಥಿಕ ಕುಸಿತ, ಸರ್ಕಾರಿ ಕಾರ್ಖಾನೆಗಳಲ್ಲಿ ಕೆಲಸ ಕಳೆದುಕೊಂಡವರು, ಹುಡುಗರು ಕೆಲಸ ಕೇಳುವುದು ಸ್ವಲ್ಪ ತಡವಾಗಲಿ ಎಂಬ ಲೆಕ್ಕ, ಎಲ್ಲ ಇದರ ಹಿಂದಿತ್ತು.

ಹಾಗಾದರೆ ಗಾವೊಕಾವೊ ಹಳೆಯ ಪರೀಕ್ಷೆಯ ಮುಂದುವರಿಕೆಯೇ? ಸಂಸ್ಥೆಯಾಗಿ ಅಲ್ಲ. ಹಳೆಯದು ನೌಕರಿಗೆ, ಇದು ಕಾಲೇಜಿಗೆ. ಮಧ್ಯದಲ್ಲಿ ಅರ್ಧ ಶತಮಾನದ ಖಾಲಿ ಇದೆ. ಅಭ್ಯಾಸವಾಗಿ ಹೌದು ಅನ್ನಬಹುದು. ಪ್ರಾಂತ್ಯವಾರು ಸೀಟು ಈಗಲೂ ಇದೆ. ಹೆನಾನ್ ಪ್ರಾಂತ್ಯ ಒಂದರಲ್ಲೇ 13 ಲಕ್ಷಕ್ಕೂ ಹೆಚ್ಚು ಜನ ಬರೆಯುತ್ತಾರೆ. ಅಲ್ಲಿಯ ಹುಡುಗನಿಗೆ ಪೀಕಿಂಗ್ ವಿಶ್ವವಿದ್ಯಾಲಯದ ಸೀಟು ಬೀಜಿಂಗಿನ ಹುಡುಗನಿಗಿಂತ ಎಷ್ಟೋ ಕಷ್ಟ. ವಲಸೆ ಕಾರ್ಮಿಕರ ಮಕ್ಕಳಲ್ಲಿ ಬಹಳಷ್ಟು ಜನ ಪರೀಕ್ಷೆಗೆ ಹುಟ್ಟೂರಿಗೇ ಹೋಗಬೇಕು. 1397ರ ಜಗಳ ಪೂರ್ತಿ ಮುಗಿದಿಲ್ಲ, ಅಲ್ವಾ?

ಈಚಿನ ಬದಲಾವಣೆಗೆ ಯು ಮಿನ್‌ಹೊಂಗ್ ಅವರ ಬದುಕು ನೋಡಿ. ಹಳ್ಳಿಯ ಹುಡುಗ. 1978, 1979ರಲ್ಲಿ ಗಾವೊಕಾವೊ ನಪಾಸು, 1980ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯ. ಅಲ್ಲೇ ಪಾಠ ಮಾಡಿದರು, ಕೆಲಸ ಬಿಟ್ಟು 1993ರಲ್ಲಿ ನ್ಯೂ ಓರಿಯಂಟಲ್ ಎಂಬ ಟ್ಯೂಷನ್ ಕಂಪನಿ ಕಟ್ಟಿದರು. ಅದು ನ್ಯೂಯಾರ್ಕ್ ಷೇರುಪೇಟೆವರೆಗೆ ಬೆಳೆಯಿತು. 2021ರ ಜುಲೈನಲ್ಲಿ ಸರ್ಕಾರ ಶಾಲಾ ವಿಷಯಗಳ ಟ್ಯೂಷನ್‌ನಿಂದ ಲಾಭ ಮಾಡುವಂತಿಲ್ಲ ಎಂದಿತು. ಮಕ್ಕಳ ಹೊರೆ, ಮನೆಯ ಖರ್ಚು ಇಳಿಸಬೇಕು ಎಂಬುದು ಕಾರಣ. ಸುಮಾರು 60,000 ಜನರನ್ನು ಕೆಲಸದಿಂದ ತೆಗೆದದ್ದಾಗಿ ಯು ಹೇಳಿದರು. ಕಂಪನಿಯ ಮೇಷ್ಟ್ರುಗಳು ಆನ್‌ಲೈನ್‌ನಲ್ಲಿ ಅಕ್ಕಿ, ಹಣ್ಣು ಮಾರಲು ಕೂತರು. ಟ್ಯೂಷನ್ ಅಂತೂ ನಿಲ್ಲಲಿಲ್ಲ. ಕದ್ದುಮುಚ್ಚಿ ನಡೆಯುತ್ತದೆ, ಫೀಸು ಜಾಸ್ತಿ ಆಗಿದೆ. ಬಾಗಿಲು ಅಷ್ಟೇ ಕಿರಿದಾಗಿರುವಾಗ ನೂಕುನುಗ್ಗಲು ಆಜ್ಞೆಯಿಂದ ಕಡಿಮೆ ಆಗುವುದಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಿಂದ ಷಿ ಜಿನ್‌ಪಿಂಗ್ ಚಿಂತನೆ ಪ್ರಾಥಮಿಕ ಶಾಲೆಯಿಂದಲೇ ಪಠ್ಯವಾಯಿತು.

2024ರಲ್ಲಿ ಗಾವೊಕಾವೊಗೆ ಹೆಸರು ಕೊಟ್ಟವರು 1.34 ಕೋಟಿ. ಈಗ ಕಾಲೇಜು ಸೇರುವುದು ಮೊದಲಿನಷ್ಟು ಕಷ್ಟವಲ್ಲ, ಓದಿದ ಮೇಲೆ ಕೆಲಸ ಸಿಗುವುದು ಕಷ್ಟ. 2023ರಲ್ಲಿ ಪದವಿ ಮುಗಿಸಿ ಖಾಲಿ ಕೂತವರು ಇಂಟರ್ನೆಟ್ಟಿನಲ್ಲಿ ತಮ್ಮನ್ನು ಕೊಂಗ್ ಯಿಜಿ ಎಂದು ಕರೆದುಕೊಂಡರು. ಅದು ಲೇಖಕ ಲೂ ಷುನ್ 1919ರಲ್ಲಿ ಪ್ರಕಟಿಸಿದ ಕಥೆಯ ಪಾತ್ರ. ಹಳೆಯ ಪರೀಕ್ಷೆಯಲ್ಲಿ ಫೇಲಾಗಿ, ಪಂಡಿತರ ಉದ್ದ ಅಂಗಿ ಬಿಡಲಾರದೆ, ಬೇರೆ ಕೆಲಸವನ್ನೂ ಮಾಡಲಾರದೆ ಕೆಟ್ಟುಹೋದವನು. ಸರ್ಕಾರಿ ಟಿವಿ ಯುವಕರಿಗೆ ಅಂಗಿ ಕಳಚಿ ದುಡಿಯಿರಿ ಎಂಬರ್ಥದ ಬುದ್ಧಿ ಹೇಳಿತು. ಬಂದ ಉತ್ತರಗಳಲ್ಲಿ ಸಿಟ್ಟೇ ಹೆಚ್ಚು. ಆ ಜೂನ್‌ನಲ್ಲಿ 16ರಿಂದ 24 ವಯಸ್ಸಿನವರಲ್ಲಿ ನಿರುದ್ಯೋಗ ಶೇ. 21.3. ಆಗಸ್ಟ್‌ನಲ್ಲಿ ಸರ್ಕಾರ ಆ ಅಂಕಿ ಪ್ರಕಟಿಸುವುದನ್ನು ನಿಲ್ಲಿಸಿತು. 2024ರ ಜನವರಿಯಲ್ಲಿ ಮತ್ತೆ ಶುರು ಮಾಡಿದಾಗ ಓದುತ್ತಿರುವವರನ್ನು ಲೆಕ್ಕದಿಂದ ಬಿಟ್ಟಿತ್ತು.